‘ತ’ ಆದಮೇಲೆ ‘ವ’

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ತನಿಖಾ ವರದಿಗೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದದ್ದೇ ತಡ, ಡೇಟಾಬೇಸ್ ನೋಡಿಕೊಳ್ಳುವವಳು ತನ್ನ ಲ್ಯಾಪ್‌ಟಾಪನ್ನು ಆ ಕಾಗದದ ಮೇಲೇ ಕುಕ್ಕಿದಳು. ಮೂರು ದಿನ ಜ್ವರ ಇಳಿಯದೆ ನರಳಿದ ಮಗುವಿಗೆ ಔಷಧಿ ಕಡಿಮೆ ಬಿದ್ದದ್ದು ನರ್ಸ್ ತಪ್ಪಾಗಿ ಟೈಪ್ ಮಾಡಿದ್ದರಿಂದ ಎಂದು ವರದಿ ಹೇಳುತ್ತಿತ್ತು. ಆ ನರ್ಸ್ ಎದುರು ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು.

"ಮೊದಲು ಇದನ್ನ ಓದಿ ಸರ್, ಆಮೇಲೆ ಸಹಿ ಹಾಕಿ."

ಔಷಧಿಯ ಪ್ರಮಾಣ ಲೆಕ್ಕ ಹಾಕುವ ‘ಪ್ರೊಸೀಜರ್’ ಎಂಬ ಪುಟ್ಟ ಪ್ರೋಗ್ರಾಮಿಗೆ ಏನೇನು, ಯಾವ ಕ್ರಮದಲ್ಲಿ ಕೊಡಬೇಕು ಎಂದು ಡೇಟಾಬೇಸ್ ತಾನೇ ಬರೆದಿಟ್ಟುಕೊಂಡ ಪಟ್ಟಿ ಅದು. ಒಂದು, ತೂಕ. ಎರಡು, ವಯಸ್ಸು. ನರ್ಸಿನ ಸ್ಕ್ರೀನ್ ಮಾತ್ರ ಯಾವಾಗಲೂ ವಯಸ್ಸನ್ನೇ ಮೊದಲು, ತೂಕವನ್ನು ಆಮೇಲೆ ಕಳಿಸುತ್ತಿತ್ತು. ಎರಡೂ ಬರೀ ಅಂಕಿಗಳಾದ್ದರಿಂದ ಯಂತ್ರ ಚಕಾರ ಎತ್ತಿರಲಿಲ್ಲ.

"ಐದು ವರ್ಷ, ಹದಿನೆಂಟು ಕಿಲೋ ಅಂತ ಇವ್ರು ಸರಿಯಾಗೇ ಹಾಕಿದಾರೆ. ಲೆಕ್ಕ ಆಗಿದ್ದು ಹದಿನೆಂಟು ವರ್ಷದ ಐದು ಕಿಲೋ ಮಗೂಗೆ! ಅಂಥ ಮಗೂನ ಎಲ್ಲಾದ್ರೂ ನೋಡಿದೀರಾ? ಹೋದ ವಾರ ಈ ಕ್ರಮ ಬದಲಾಯಿಸಿದ್ದು ಯಾರು, ಹೇಳಿ!"

ಮುಖ್ಯಸ್ಥನ ಮುಖ ಬಿಳಿಚಿಕೊಂಡಿತು. "ಅಕ್ಷರಮಾಲೆ ಪ್ರಕಾರ ಇದ್ರೆ ನೀಟಾಗಿ ಕಾಣುತ್ತೆ ಅಂತ ನಾನೇ... ‘ತ’ ಆದ್ಮೇಲೆ ತಾನೇ ‘ವ’ ಬರೋದು..."

ಡೇಟಾಬೇಸಿನವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವಳು ಬಾಯಿ ತೆರೆಯುವಷ್ಟರಲ್ಲಿ ನರ್ಸ್ ಎದ್ದು, ಲ್ಯಾಪ್‌ಟಾಪಿನ ಅಡಿಯಿಂದ ವರದಿಯನ್ನು ಎಳೆದುಕೊಂಡಳು. ‘ತಪ್ಪಿತಸ್ಥರು’ ಎಂಬಲ್ಲಿದ್ದ ತನ್ನ ಹೆಸರಿನ ಮೇಲೆ ಬೆರಳಿಟ್ಟು, ಆ ಬೆರಳನ್ನು ನಿಧಾನವಾಗಿ ಕೆಳಗೆ, ಸಹಿಯ ಜಾಗದಲ್ಲಿ ಅಚ್ಚಾಗಿದ್ದ ಅವನ ಹೆಸರಿನವರೆಗೆ ತಂದಳು.

"ಜಾಗ ಅದಲುಬದಲು ಮಾಡೋದು ನಿಮಗೆ ಚೆನ್ನಾಗಿ ಬರುತ್ತಲ್ಲ ಸರ್. ಈ ಎರಡು ಹೆಸರನ್ನೂ ಹಾಗೇ ಮಾಡಿಬಿಡಿ. ಸಹಿ ನಾನು ಹಾಕ್ತೀನಿ."