ತಾಜಿಯೋ, ತೋಬೆತ್ತೋ

"ಬೀಗರೇ, ನೀವು ನಾಯಿ ಬಲ್ಲವರು, ಅದಕ್ಕೇ ಕೇಳ್ತಿದೀನಿ. ಮನೆಗೆ ತಾಜಿ ಒಳ್ಳೇದೋ, ತೋಬೆತ್ ಒಳ್ಳೇದೋ?"

ಗಂಡಿನ ಕಡೆಯ ಬೀಗರು ತುರ್ಲಿಬೆಕ್ ಹೀಗೆ ಕೇಳಿ, ಹಾಲು ಚಹಾದ ಬಟ್ಟಲನ್ನು ಕೆಳಗಿಟ್ಟು, ಮೂಲೆಯ ಹಾಸಿಗೆಯ ಮೇಲೆ ನಾಲ್ಕೂ ಕಾಲು ಚಾಚಿ ಮಲಗಿದ್ದ ಉಷ್ಕಿರನ ಕಡೆ ನೋಡಿದರು. ಮನೆಯ ಯಜಮಾನ ಸಾರ್ಸೆನನಿಗೆ ಗಾಬರಿಯಾಯಿತು. ಉಷ್ಕಿರ್ ತಾಜಿ, ಅಸಲಿ ಬೇಟೆನಾಯಿ. ಅದರ ಹೆಸರು ಕೇಳಿದರೆ ಈ ಬಯಲಿನ ನರಿಗಳು ಬಿಲ ಬದಲಾಯಿಸುತ್ತವೆ ಎಂದು ಸಾರ್ಸೆನ್ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ನರಿಗಳನ್ನು ಯಾರೂ ವಿಚಾರಿಸಿರಲಿಲ್ಲ.

ಬೀಗರು ಸುಮ್ಮನೆ ನಾಯಿಯ ಸುದ್ದಿ ಎತ್ತುವವರಲ್ಲ. ಇನ್ನೊಂದು ಗಳಿಗೆಗೆ ಎದ್ದು ಹೊರಡುತ್ತಾರೆ. ಹೊರಟ ಅತಿಥಿಯನ್ನು ಬಾಗಿಲಲ್ಲಿ ನಿಲ್ಲಿಸಿ "ನಿಮ್ಮ ಕೋರಿಕೆ ಏನು?" ಎಂದು ಕೇಳದ ಮನೆ ಕಜಾಕರಲ್ಲಿಲ್ಲ, ಕೇಳಿ, ಹೇಳಿಸಿಕೊಂಡು, ಆಮೇಲೆ ಇಲ್ಲವೆನ್ನುವ ಮನೆಯೂ ಇಲ್ಲ. ಕುದುರೆ ಎಂದರೆ ಕುದುರೆ, ಪಳಗಿಸಿದ ಹದ್ದು ಎಂದರೆ ಹದ್ದು. ಅದರಲ್ಲೂ ಸಾರ್ಸೆನನ ಮಗಳು ಇವರ ಮನೆಯ ಸೊಸೆ. "ಆ ತಾಜಿ ಕೊಡಿ" ಎಂದುಬಿಟ್ಟರೆ ಉಷ್ಕಿರನ ಕತ್ತಿನ ಪಟ್ಟಿಯನ್ನು ತಾನೇ ಹಿಡಿದು ಜೀಪಿಗೆ ಹತ್ತಿಸಬೇಕು. ಅವನಿಗೆ ಅಳುವೇ ಬಂತು.

"ತೋಬೆತ್ತೇ," ಎಂದ ಪಟ್ಟನೆ. "ಅದ್ರಲ್ಲಿ ಕೇಳೋದೇನಿದೆ ಬೀಗರೇ? ಕಾವಲುನಾಯಿ ಅಂದ್ರೆ ಅದು. ಕರಡಿ ಗಾತ್ರ. ತೋಳ ದೂರದಿಂದಲೇ ಸಲಾಂ ಹೊಡೆದು ಹೋಗುತ್ತೆ. ಹೊರಗೆ ಹಿಮದಲ್ಲಿ ಮಲಗುತ್ತೆ, ಹಾಕಿದ್ದು ತಿನ್ನುತ್ತೆ."

"ಮತ್ತೆ ತಾಜಿ?"

"ಅದೂ ಒಂದು ನಾಯೀನಾ? ಗುಡುಗಿದ್ರೆ ನನ್ನ ಹೊದಿಕೆ ಒಳಗೆ ಬರುತ್ತೆ. ಕಳ್ಳ ಬಂದ್ರೆ ಬಾಲ ಅಲ್ಲಾಡಿಸ್ಕೊಂಡು ಒಳಗೆ ಕರೆದು ಕೂರಿಸುತ್ತೆ."

"ನರಿ ಹಿಡಿಯುತ್ತಲ್ಲ?"

"ಯಾವ ನರಿ? ಹೋದ ಚಳಿಗಾಲದಲ್ಲಿ ಇದು ಹಿಡಿದದ್ದು ನೆಗಡಿ ಒಂದೇ."

ಚಹಾ ಬಗ್ಗಿಸುತ್ತಿದ್ದ ಹೆಂಡತಿ ದಾಮೆಕೆನ್ ಕೈ ನಿಲ್ಲಿಸಿ ಗಂಡನ ಮುಖ ನೋಡಿದಳು. ತಾಜಿಯನ್ನು ನಾಯಿ ಎಂದು ಕರೆದವರ ಮೇಲೆ ಜಗಳಕ್ಕೆ ಹೋಗುತ್ತಿದ್ದ ಮನುಷ್ಯ ಇವನು. ತೋಳ ಎರಡು ಕುರಿಮರಿ ಹೊತ್ತುಕೊಂಡು ಹೋದ ದಿನದಿಂದ ಅವಳು ತೋಬೆತ್ ಬೇಕು ಎಂದು ಗೋಗರೆಯುತ್ತಿದ್ದಳು. ಗಂಡನಿಗೆ ಕೊನೆಗೂ ಬುದ್ಧಿ ಬಂತಲ್ಲ ಎಂದು ಅವಳಿಗೆ ಬಹಳ ಸಂತೋಷವಾಯಿತು.

"ಇನ್ನೂ ಕೇಳಿ ಅಣ್ಣಾ," ಎಂದು ಹತ್ತಿರ ಸರಿದು ಕೂತಳು. "ನಿಮಗೇ ಅಂತ ತೆಗೆದಿಟ್ಟಿದ್ದ ಕುದುರೆ ಮಾಂಸಾನ ಪೂರಾ ತಿಂದು, ಬಂದು ನನ್ನ ದಿಂಬಿನ ಮೇಲೆ ತೇಗಿತು. ಬೇಟೆಗೆ ಹೋದ್ರೆ ಇವರು ಮುಂದೆ ಓಡ್ತಾರೆ, ಅದು ಹಿಂದೆ ಬರುತ್ತೆ."

"ನಿಜ ನಿಜ," ಎಂದ ಸಾರ್ಸೆನ್. ಹೆಂಡತಿ ಇದನ್ನೆಲ್ಲ ನಿಜವಾಗಿಯೇ ಹೇಳುತ್ತಿದ್ದಾಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬೀಗರು ಗಡ್ಡ ನೀವಿಕೊಂಡು ಎದ್ದರು. ಟೋಪಿ ಹಾಕಿಕೊಂಡರು. ಬಾಗಿಲಲ್ಲಿ ಸಾರ್ಸೆನ್ ಕೇಳಲೇಬೇಕಾದ್ದನ್ನು ಕೇಳಿದ.

"ಬೀಗರೇ, ನಿಮ್ಮ ಕೋರಿಕೆ ಏನು?"

"ಒಂದೇ ಕೋರಿಕೆ. ನಾನು ಕೊಡೋದನ್ನ ಬೇಡ ಅನ್ನಬಾರದು."

ಜೀಪಿನ ಹಿಂಬಾಗಿಲು ತೆರೆದರು. ಒಣಹುಲ್ಲಿನ ಮೇಲೆ ಎರಡು ಮರಿಗಳು. ಒಂದು ಗುಂಡಗೆ, ದಪ್ಪ ಪಾದದ ತೋಬೆತ್. ಇನ್ನೊಂದು ತಾಜಿ, ಹೆಣ್ಣು. ಸಣ್ಣ ನಡು, ರೇಷ್ಮೆಯಂಥ ಕಿವಿ, ನೇರ ಬಯಲಿನಾಚೆಗೆ ನೆಟ್ಟ ಕಣ್ಣು. ತುರ್ಲಿಬೆಕ್ ಮನೆಯ ತಾಜಿ ಮರಿ ದುಡ್ಡಿಗೆ ಸಿಗುವಂಥದ್ದಲ್ಲ. ಉಷ್ಕಿರನಿಗೆ ಜೋಡಿಯಾಗಿ ಅಂಥದ್ದೊಂದು ಬಂದರೆ ಇನ್ನೇನೂ ಬೇಡ ಎಂದು ಸಾರ್ಸೆನ್ ಮಗಳ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದ.

"ಅಪ್ಪನಿಗೆ ತಾಜಿ ಕೊಡಿ ಮಾವ ಅಂತ ನಿಮ್ಮ ಮಗಳ ಹಟ," ಎಂದರು ಬೀಗರು. "ಅವರ ಕುರಿಗೆ ಕಾವಲಿಲ್ಲ, ತೋಬೆತ್ತೇ ಕೊಡಿ ಅಂತ ನನ್ನ ಹೆಂಡತಿ ಹಟ. ಸಾಕಾಗಿ ಎರಡನ್ನೂ ಹಾಕ್ಕೊಂಡು ಬಂದೆ, ನಿಮ್ಮ ಬಾಯಿಂದಲೇ ಕೇಳೋಣ ಅಂತ. ಕೇಳಿದ್ದು ಒಳ್ಳೇದೇ ಆಯ್ತು. ಇಲ್ಲದಿದ್ರೆ ಈ ಪೀಡೇನ ನಿಮ್ಮ ತಲೆಗೆ ಕಟ್ಟಿ ಹೋಗ್ತಿದ್ದೆ."

"ಅಲ್ಲ ಬೀಗರೇ, ನೋಡೋಕೆ ಹೋದ್ರೆ ತಾಜೀಲೂ ಒಂದೆರಡು ಗುಣ..."

"ನೀವು ದೊಡ್ಡ ಮನಸ್ಸಿನವರು. ಸಂಕೋಚ ಪಡಬೇಡಿ," ಎಂದು ಬೀಗರು ತೋಬೆತ್ ಮರಿಯನ್ನು ಅವನ ತೋಳಿಗೆ ಹಾಕಿದರು. ಮರಿ ಅವನ ಅಂಗಿಯನ್ನು ಬೆಚ್ಚಗೆ ನೆನೆಸಿತು.

"ಆ... ಇನ್ನೊಂದು ಯಾರಿಗೆ?"

"ದಾರೀಲಿ ನಿಮ್ಮ ಪಕ್ಕದೂರಿನ ದನದ ಡಾಕ್ಟರು ಇದ್ದಾರಲ್ಲ, ಅವರಿಗೆ ಕೊಟ್ಟು ಹೋಗ್ತೀನಿ. ನೆಗಡಿಗಾದ್ರೂ ಮದ್ದು ಮಾಡ್ಕೋತಾರೆ."

ಜೀಪು ಹೊರಟಿತು. ಹಿಂದಿನ ಗಾಜಿಗೆ ಒಂದು ಸಪೂರ ಮೂತಿ ಅಂಟಿಕೊಂಡಿತ್ತು. ಧೂಳು ಅಡಗಿದ ಮೇಲೂ ಸಾರ್ಸೆನ್ ನಿಂತಲ್ಲೇ ನಿಂತಿದ್ದ. ಗಂಡನ ಆ ಮುಖ ನೋಡಿದಾಗ ದಾಮೆಕೆನ್‌ಗೆ ನಡೆದದ್ದೆಲ್ಲ ಅರ್ಥವಾಯಿತು. ಪಾಪ ಅನ್ನಿಸಿತು, ನಗುವನ್ನೂ ತಡೆಯಲಾಗಲಿಲ್ಲ. ಮರಿಯನ್ನು ಅವನ ತೋಳಿನಿಂದ ತೆಗೆದುಕೊಂಡು, ಅದರ ದಪ್ಪ ಪಾದವನ್ನು ಹಿಸುಕಿ ನೋಡುತ್ತ ಹೇಳಿದಳು:

"ಕುರಿ ಕಾಯೋಕೆ ಇದಾಯ್ತು. ಇನ್ನು ನಿಮ್ಮ ನಾಲಿಗೆ ಕಾಯೋಕೆ ಯಾವ ಜಾತಿದು ತರೋಣ, ಹೇಳ್ರಿ."