ತೊಟ್ಟಿಯ ನಾತ

ಮಹಮ್ಮದ್ ಹನೀಫ್ ಸ್ನಾನದ ತೊಟ್ಟಿಯೊಳಗೆ ಕುತ್ತಿಗೆಯವರೆಗೆ ಬಗ್ಗಿ ಮೂಸಿದ. ನೀರು ಚಿಮ್ಮುವ ಒಂದೊಂದು ತೂತಿಗೂ ಮೂಗಿಟ್ಟು ನೋಡಿದ. ಬ್ಲೀಚಿಂಗ್ ಪೌಡರಿನ ಘಾಟು ಬಿಟ್ಟರೆ ಏನೂ ಇಲ್ಲ.

"ಏನಪಾ, ಹೋತೇನು ನಾತ?" ಪಕ್ಕದ ಕೋಣೆಯಿಂದ ಗೋಣೆಪ್ಪನವರ ದನಿ ಬಂತು.

"ನೋಡಾಕತ್ತೇನ್ರಿ, ಸಾವಕಾರ್ರ."

"ನೋಡೂದಲ್ಲಲೇ, ಮೂಸು. ಹೋದ ಸಲಾನೂ ಬರೇ ನೋಡಿ ಹೋದಿ."

ಬ್ಯಾಡಗಿಯಲ್ಲಿ ಅಂಥ ತೊಟ್ಟಿ ಅದೊಂದೇ. ಗೋಣೆಪ್ಪನವರು ಮೆಣಸಿನಕಾಯಿ ದಲಾಲರು. ಕಣ್ಣು ಮುಚ್ಚಿ ಮೂಸಿದರೆ ಸಾಕು, ಕಾಯಿಗೆ ತೂಕಕ್ಕೆಂದು ನೀರು ಹೊಡೆದದ್ದು ನಿನ್ನೆಯೋ ಮೊನ್ನೆಯೋ ಹೇಳುತ್ತಿದ್ದರು. ಆ ಮೂಗಿಗೆ ಪೇಟೆಯೇ ಹೆದರುತ್ತಿತ್ತು. ಬೇಸಿಗೆಯಲ್ಲಿ ಗೋದಾಮಿನ ಚೀಲಗಳ ಮೇಲಿಂದ ತಲೆಕೆಳಗಾಗಿ ಬಿದ್ದವರು ಮತ್ತೆ ಏಳಲಿಲ್ಲ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಬಿಸಿನೀರು ರಭಸದಿಂದ ಬಡಿದರೆ ಕಾಲಿಗೆ ಜೀವ ಬಂದೀತೆಂದು ಮುಂಬಯಿಯ ವ್ಯಾಪಾರಿ ಗೆಳೆಯನೊಬ್ಬ ಲಾರಿಯಲ್ಲಿ ತೊಟ್ಟಿ ಕಳಿಸಿದ. ಮೋಟಾರು ಹಾಕಿದರೆ ಸುತ್ತಲಿನ ತೂತುಗಳಿಂದ ನೀರು ನುಗ್ಗುತ್ತಿತ್ತು. ಊರವರು ಅದಕ್ಕೆ 'ಗುಳುಗುಳಿ' ಎಂದು ಹೆಸರಿಟ್ಟರು. ರೋಗಿಯನ್ನು ನೋಡುವ ನೆವದಲ್ಲಿ ತೊಟ್ಟಿ ನೋಡಲು ಬಂದವರೇ ಹೆಚ್ಚು.

ಹೆಂಡತಿ ಫಕ್ಕೀರವ್ವನವರಿಗೆ ಮೀಯಿಸುವುದೆಂದರೆ ಮನೆಯ ಪದ್ಧತಿಯಂತೆ ಮೀಯಿಸುವುದು. ಗಂಡನ ಮೈತುಂಬ ಹರಳೆಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಆಳುಗಳಿಂದ ತೊಟ್ಟಿಗೆ ಇಳಿಸಿ ಮೋಟಾರು ಹಾಕಿಸಿದರು. ಎಣ್ಣೆಯನ್ನೂ ಹಿಟ್ಟನ್ನೂ ಮೋಟಾರು ಎಳೆದುಕೊಂಡು ಪೈಪಿನೊಳಗೆ ಬಚ್ಚಿಟ್ಟಿತು. ಮಳೆಗಾಲದ ಹೊತ್ತಿಗೆ ತೊಟ್ಟಿ ಸತ್ತ ಹೆಗ್ಗಣದಂತೆ ನಾರಿತು.

ಆಗ ರಾಣೆಬೆನ್ನೂರಿನಿಂದ ಮೋಟಾರು ರಿಪೇರಿಯ ಹನೀಫ್ ಬಂದ. ಸುಡುನೀರು ತುಂಬಿ, ವಾಷಿಂಗ್ ಸೋಡಾ ಸುರಿದು ಮೋಟಾರು ಓಡಿಸಿದ. ತೂತುಗಳಿಂದ ಕಪ್ಪು ಚಕ್ಕೆಗಳು ಉದುರಿದವು.

"ಅಕ್ಕಾರ, ಸಾವಕಾರ್ರಿಗೆ ನೀರು ಹಾಕೀರೋ, ಮಿರ್ಚಿ ಭಜಿ ಕರದೀರೋ?"

ಫಕ್ಕೀರವ್ವ ಬಹಳ ದಿನಗಳ ಮೇಲೆ ನಕ್ಕಿದ್ದರು. ಅವತ್ತು ನಾತ ಹೋದದ್ದು ಖರೇ. ಆದರೆ ದೀಪಾವಳಿ ಕಳೆದ ಮೇಲೆ ಗೋಣೆಪ್ಪನವರು ಮತ್ತೆ ತಗಾದೆ ತೆಗೆದರು: ತೊಟ್ಟಿ ನಾರುತ್ತಿದೆ. ಹನೀಫ್ ಒಮ್ಮೆ ಬಂದು ಹೋದ. ಈಗ ಮತ್ತೆ ಬಂದಿದ್ದ.

ಕೈ ಒರೆಸಿಕೊಳ್ಳುತ್ತ ಅವನು ಕೋಣೆಯ ಬಾಗಿಲಿಗೆ ಬಂದ. ಅಲ್ಲಿ ಕೊಳೆತ ವಾಸನೆ ಮುಖಕ್ಕೆ ಬಡಿಯಿತು. ಒಂದು ಹೆಜ್ಜೆ ಹಿಂದೆ ಸರಿದ.

ಗೋಣೆಪ್ಪನವರು ಮಗ್ಗುಲಾಗಿ ಮಲಗಿದ್ದರು. ತಲೆಯ ಹಿಂದೆ ಊದಿನಕಡ್ಡಿಗಳ ಗೊಂಚಲೇ ಉರಿಯುತ್ತಿತ್ತು.

"ಇವತ್ತ ಊದಿನಕಡ್ಡಿ ಹಚ್ಚಲಿಲ್ಲೇನು?" ಅವರು ಹೆಂಡತಿಯನ್ನು ಕೇಳಿದರು.

"ಹಚ್ಚೇನ್ರಿ."

"ಈ ತೊಟ್ಟಿ ನಾತದಾಗ ಅದೂ ತಿಳೀವಲ್ದು ನೋಡು."

ಫಕ್ಕೀರವ್ವ ಹನೀಫನಿಗೆ ಕಣ್ಣಲ್ಲೇ ಸನ್ನೆ ಮಾಡಿ ಹಿತ್ತಲಿಗೆ ನಡೆದರು.

"ತೊಟ್ಟಿ ಸ್ವಚ್ಛ ಐತಿ ಅಂತ ನನಗೂ ಗೊತ್ತೈತಿ, ತಮ್ಮಾ. ಮಲಗಿ ಮಲಗಿ ಬೆನ್ನಿಗೆ ಹುಣ್ಣಾಗ್ಯಾವು. ದಿನಾ ತೊಳದು ಔಷಧ ಹಚ್ಚತೇನಿ, ಕೀವು ನಿಂದ್ರವಲ್ದು. ನೀರಿಗೆ ಇಳಿಸಬ್ಯಾಡ್ರಿ ಅಂತ ಡಾಕ್ಟರು ಹೇಳ್ಯಾರ."

"ಸಾವಕಾರ್ರಿಗೆ ಗೊತ್ತಿಲ್ಲೇನ್ರಿ?"

"ತೊಟ್ಟೀದ ಅಂತ ತಿಳಕೊಂಡಾರ. ಮೂಗಿನ ಮ್ಯಾಲ ಬಾಳೇವು ಮಾಡಿದ ಮನುಷ್ಯಾ. ತನ್ನ ಮೈಯಿಂದನ ಬರಾಕತ್ತೈತಿ ಅಂತ ಗೊತ್ತಾದ್ರ ಅನ್ನ ನೀರು ಬಿಡತಾರ. ನೀ ಏನರೆ ಒಂದು ಸುಳ್ಳು ಹೇಳು. ಮೋಟಾರ ಬಿಚ್ಚು, ಸಪ್ಪಳ ಮಾಡು. ನಿನ್ನ ಕೈ ಮುಗೀತೇನಿ."

ಹನೀಫ್ ಒಳಗೆ ಹೋಗಿ ಮೋಟಾರು ಬಿಚ್ಚಿ ಮತ್ತೆ ಕೂಡಿಸಿದ. ಪಾನಾದಿಂದ ಪೈಪು ಬಡಿದ. ಖಾಲಿ ತೊಟ್ಟಿಯೊಳಗೆ ತಲೆ ಹಾಕಿ, ಮುಂಬಯಿ ಸೇಠುಗಳ ಮೂಗುದನಿಯಲ್ಲಿ, "ಅರೆ ಗೋಣೆಪ್ಪಾ ಸೇಠ್, ತುಮ್ಹಾರಾ ಮಿರ್ಚಿ ಬಹುತ್ ತೀಖಾ ಹೈ," ಎಂದ. ತೊಟ್ಟಿ ಅದನ್ನು ಇನ್ನಷ್ಟು ದಪ್ಪ ಮಾಡಿ ಕಳಿಸಿತು. ಕೋಣೆಯಲ್ಲಿ ಗೋಣೆಪ್ಪನವರು ಕೆಮ್ಮು ಬರುವಷ್ಟು ನಕ್ಕರು.

"ಒಳಗಿನ ಪೈಪಿನ್ಯಾಗ ಇನ್ನೂ ಒಂದೀಟು ಎಣ್ಣಿ ಕುಂತೈತ್ರಿ, ಸಾವಕಾರ್ರ. ಒಮ್ಮೆಲೆ ಬಿಡೂದಿಲ್ಲ. ಮತ್ತ ಬರಬೇಕಾಕ್ಕೈತಿ."

"ಹೇಳಿದ್ನಿಲ್ಲ ನಾ?" ಗೋಣೆಪ್ಪನವರು ಹೆಂಡತಿಯ ಕಡೆ ನೋಡಿದರು. "ಹೋಗು, ಅವಗ ಚಾ ಮಾಡಿಕೊಂಡು ಬಾ."

ಫಕ್ಕೀರವ್ವ ಹಗುರಾಗಿ ಅಡುಗೆಮನೆಗೆ ಹೋದರು.

"ಹನೀಫ, ಹತ್ತರ ಬಂದು ಕುಂದ್ರು."

ಅವನು ಮಂಚದ ಅಂಚಿಗೆ ಕುಳಿತು ಉಸಿರು ಬಿಗಿಹಿಡಿದ.

"ಉಸರು ಬಿಡಪಾ. ನನಗಿಂತ ಮೊದಲ ನೀ ಹೋದೀ."

ಹನೀಫ್ ತಲೆ ತಗ್ಗಿಸಿದ.

"ಪೈಪಿನ್ಯಾಗ ಏನೂ ಇಲ್ಲ. ಹೌದಿಲ್ಲ?"

ಹನೀಫ್ ಕೈಯಲ್ಲಿದ್ದ ಪಾನಾ ಕೆಳಗಿಟ್ಟ.

"ಇರಲಿ. ಆಕಿ ಹೇಳಿಧಂಗ ಮಾಡು. ನಾ ಇರೂತನಕ ಬರಕೋತ ಇರು. ಈ ತೊಟ್ಟಿ ರಿಪೇರಿ ಆಗಬಾರದು."

"ನಾತ ಎಲ್ಲಿಂದ ಬರಾಕತ್ತೈತಿ ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?"

ಗೋಣೆಪ್ಪನವರು ಅಡುಗೆಮನೆಯ ಕಡೆ ಕಿವಿಗೊಟ್ಟರು. ಸ್ಟೋವಿನ ಸದ್ದು ಇನ್ನೂ ಕೇಳುತ್ತಿತ್ತು. ದನಿ ತಗ್ಗಿಸಿದರು.

"ನನಗೆಲ್ಲೀ ನಾತ? ತೆಲಿ ಬಡದು ಬಿದ್ದ ದಿನಾನ ನನ್ನ ಮೂಗು ಸತ್ತೈತಿ, ಮೆಣಸಿನಕಾಯಿ ಹಿಡದ್ರೂ ತಿಳಿಯೂದಿಲ್ಲ. ಒಂದಿನ ಬೆನ್ನು ತೊಳಿಯೂವಾಗ ಆಕಿ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದು ಕಪಾಟಿನ ಕನ್ನಡ್ಯಾಗ ಕಂಡೆ. ನಾ ಕಂಡಿದ್ದನ್ನ ಆಕಿನೂ ಕಂಡ್ಲು. ಗಡಬಡಿಸಿ ಸೆರಗು ಬಿಟ್ಟು, ತಪ್ಪು ಮಾಡಿದವರಂಗ ಅಳಾಕ ಹತ್ತಿದ್ಲು. ಆವಾಗ ನಾನ ಅಂದೆ, ತೊಟ್ಟಿ ಮತ್ತ ನಾರಾಕತ್ತೈತಿ, ಮೂಗು ಮುಚ್ಚಿಕೋ ಅಂತ."