ರಾಣಿಮೆಟ್ಟಿಲು

ಶಿಷ್ಯ ಹದಿಮೂರನೆಯ ಹೆಸರಿಗೆ ಬರುವುದನ್ನೇ ಮೇಷ್ಟ್ರು ತುದಿಗಾಲಲ್ಲಿ ಕಾಯುತ್ತಿದ್ದರು.

ಗ್ರಂಥಾಲಯದ ಮಹಡಿಯ ಸಭಾಂಗಣ ಕಿಕ್ಕಿರಿದಿತ್ತು. ಈಗ ಕಾಲೇಜಿನಲ್ಲಿ ಪಾಠ ಹೇಳುವ ಹಳೆಯ ಶಿಷ್ಯ, ಸುತ್ತಲಿನ ಹಳ್ಳಿಗಳಿಗೆ ಹೆಸರು ಹೇಗೆ ಬಂತು, ಯಾವ ಪಾಳುಗೋಡೆ ಎಷ್ಟು ಶತಮಾನ ಹಳೆಯದು ಎಂದು ವೇದಿಕೆಯ ಮೇಲೆ ಪಟಪಟ ಹೇಳುತ್ತಿದ್ದ. ಒಂದೊಂದೂ ಮೇಷ್ಟ್ರ ನೋಟ್‌ಬುಕ್ಕಿನದು! ಹತ್ತು ವರ್ಷ ಬಿಸಿಲಲ್ಲಿ ಚಪ್ಪಲಿ ಸವೆಸಿ, ಅಜ್ಜಿಯರ ಬಾಯಿ ಬಿಡಿಸಿ ಕೂಡಿಹಾಕಿದ್ದು. ಎರಡು ದಿನಕ್ಕೆಂದು ಒಯ್ದವನು ಎರಡು ತಿಂಗಳು ಬಿಟ್ಟು ವಾಪಸು ಕೊಟ್ಟಿದ್ದ. ಪುಟದ ತುಂಬ ಮಣ್ಣಿನ ಬೆರಳಚ್ಚು ಬೇರೆ. ಪುಸ್ತಕ ಹಿಡಿಯುವುದನ್ನೂ ಇವನಿಗೆ ಕಲಿಸಲಾಗಲಿಲ್ಲವಲ್ಲ ಎಂದು ಮೇಷ್ಟ್ರು ಗೊಣಗಿದ್ದರು.

ಆದರೆ ಮೇಷ್ಟ್ರೇನು ಕಡಿಮೆ ಆಸಾಮಿಯಲ್ಲ. ಕೊಡುವ ಮೊದಲೇ ಕೊನೆಯ ಪುಟದಲ್ಲಿ ಒಂದು ಹಸಿ ಸುಳ್ಳು ಬರೆದಿಟ್ಟಿದ್ದರು. ಇಟ್ಟಿಗೆ ಗೂಡಿನ ಹಿಂದಿನ ಬರಡು ಜಾಗಕ್ಕೆ ರಾಣಿಮೆಟ್ಟಿಲು ಎಂದು ಹೆಸರಂತೆ, ಹಿಂದೆ ರಾಣಿಯೊಬ್ಬಳು ಅಲ್ಲಿ ಕೊಳಕ್ಕಿಳಿಯುತ್ತಿದ್ದಳಂತೆ. ಹೆಸರೂ ರಾಣಿಯೂ ಗಡ್ಡ ಹೆರೆದುಕೊಳ್ಳುವಾಗ ಹೊಳೆದದ್ದು. ಕದಿಯುವವನು ಅದನ್ನೂ ಕದಿಯುತ್ತಾನೆ, ಸಿಕ್ಕಿಬೀಳುತ್ತಾನೆ.

"ಇಷ್ಟು ಜನರ ಮುಂದೆ ಹುಡುಗನ ಮಾನ ಕಳೀಬೇಡಿ," ಹೆಂಡತಿ ತೋಳು ಜಗ್ಗಿದರು.

"ನನ್ನ ಹತ್ತು ವರ್ಷ ಕಳೆದದ್ದು ನಿನಗೆ ಕಾಣೋದಿಲ್ಲ, ಅಲ್ವಾ?"

"ಹದಿಮೂರನೆಯದು," ಎಂದ ಶಿಷ್ಯ, "ರಾಣಿಮೆಟ್ಟಿಲು."

ಮೇಷ್ಟ್ರು ದಡಕ್ಕನೆ ಎದ್ದರು. "ಒಂದು ನಿಮಿಷ! ಇದೆಲ್ಲ ನಿನಗೆ ಎಲ್ಲಿಂದ ಸಿಕ್ತು ಅಂತ ಸಭೆಗೆ ಹೇಳಪ್ಪ."

ಶಿಷ್ಯನ ಮುಖ ಅರಳಿತು. "ನಾನೇ ಕರೀಬೇಕು ಅಂತಿದ್ದೆ ಸರ್, ನೀವೇ ಎದ್ದುಬಿಟ್ರಿ. ಇವತ್ತು ಹೇಳಿದ ಹದಿಮೂರೂ ನಮ್ಮ ಮೇಷ್ಟ್ರದ್ದೇ, ನಾನು ಓದಿದ್ದಷ್ಟೆ. ಈ ಜಾಗದಲ್ಲಿ ಏನೂ ಇಲ್ಲ ಅಂತ ಎಲ್ಲರೂ ನಕ್ಕರು. ಮೇಷ್ಟ್ರು ಬರೆದ ಮೇಲೆ ಇರಲೇಬೇಕು ಅಂತ ನಾನು ಅಗೆಸಿಯೇಬಿಟ್ಟೆ."

ಪರದೆಯ ಮೇಲೆ ಚಿತ್ರ ಮೂಡಿತು. ಇಟ್ಟಿಗೆ ಗೂಡು, ಅದರ ಹಿಂದೆ ಎರಡಾಳು ಆಳದ ಗುಂಡಿ, ಗುಂಡಿಯೊಳಗೆ ಸಾಲಾಗಿ ಹನ್ನೊಂದು ಕಲ್ಲಿನ ಮೆಟ್ಟಿಲು. ಸಭೆಗೆ ಸಭೆಯೇ ಎದ್ದುನಿಂತು ಚಪ್ಪಾಳೆ ತಟ್ಟಿತು. ಇಂಥವನನ್ನು ಕಳ್ಳನೆಂದುಕೊಂಡೆನಲ್ಲ ಎಂದು ಮೇಷ್ಟ್ರಿಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು. ಶಿಷ್ಯ ಓಡಿಬಂದು ಅವರ ಕೈಗೆ ಮೈಕು ಕೊಟ್ಟ.

"ಇಡೀ ಊರಲ್ಲಿ ಯಾರಿಗೂ ಗೊತ್ತಿಲ್ಲದ್ದು ನಿಮಗೊಬ್ಬರಿಗೇ ಹೇಗೆ ಗೊತ್ತಾಯ್ತು ಸರ್? ಎಲ್ಲರಿಗೂ ಹೇಳಿಬಿಡಿ."